ಅಮೆರಿಕದ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಮಗುವಿನ ಕೊನೆಯ ಸೆಮಿಸ್ಟರ್: ಗಾಲಾದಿಂದ ಗ್ರಾಜುಯೇಷನ್‌ವರೆಗೆ ನಮ್ಮವರು ಏನೇನು ಮಾಡಬೇಕು

ಮಗನೋ ಮಗಳೋ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಹನ್ನೆರಡನೇ ಗ್ರೇಡಿಗೆ ಬಂದಿದ್ದರೆ, ಜನವರಿಯಿಂದ ಮೇ ತನಕ ಶಾಲೆಯ ಇಮೇಲ್‌ಗಳಿಗೆ ಬಿಡುವೇ ಇರುವುದಿಲ್ಲ. ಗಾಲಾ (ಶಾಲೆಗೆ ದುಡ್ಡು ಕೂಡಿಸುವ ದೊಡ್ಡ ಔತಣಕೂಟ) ಟಿಕೆಟ್ ತಗೊಳ್ಳಿ, ರ‍್ಯಾಫಲ್ (ಬಹುಮಾನದ ಲಾಟರಿ ಚೀಟಿ) ಮಾರಿಕೊಡಿ, ಹರಾಜಿಗೆ ಏನಾದರೂ ಕೊಡಿ, ಗೌನಿಗೆ ಅಳತೆ ಕಳಿಸಿ, ಮಾಸ್‌ಗೆ (ಚರ್ಚಿನ ಪೂಜೆಗೆ) ಬನ್ನಿ. ಒಂದರ ಹಿಂದೆ ಒಂದು. ನಮ್ಮವರಲ್ಲಿ ಎಷ್ಟೋ ಜನ ಇದರಲ್ಲಿ ಅರ್ಧ ಓದುವುದೇ ಇಲ್ಲ. "ಇಷ್ಟೊಂದು ಫೀಸು ಕಟ್ಟಿದ್ದೀವಲ್ಲ, ಮತ್ತೆ ಯಾಕೆ ದುಡ್ಡು?" ಅನ್ನುವುದು ಒಂದು. "ನಾವು ಕ್ರಿಶ್ಚಿಯನ್ನರಲ್ಲ, ಅಲ್ಲಿ ನಮಗೇನು ಕೆಲಸ?" ಅನ್ನುವುದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಅದೇ ಕಾರಣಕ್ಕೆ ಮಗುವಿನ ಕೊನೆಯ ಸೆಮಿಸ್ಟರನ್ನು ಹೊರಗೆ ನಿಂತು ನೋಡಬೇಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕೈಲಾದಷ್ಟು ಕೊಡಿ, ಆದರೆ ಹಾಜರಿ ಮಾತ್ರ ಪೂರ್ತಿ ಕೊಡಿ.

ನಮ್ಮ ಮಗಳು ಟೆಕ್ಸಸ್‌ನ ಇಂಥದ್ದೊಂದು ಶಾಲೆಯಲ್ಲಿ ಓದಿದಳು, ಹಾಗಾಗಿ ಬರೆದಿರುವುದರಲ್ಲಿ ಈ ಕಡೆಯ ವಾಸನೆ ಇರುತ್ತದೆ. ಶಾಲೆಯಿಂದ ಶಾಲೆಗೆ ಪದ್ಧತಿ ಸ್ವಲ್ಪ ಬೇರೆ. ಚೌಕಟ್ಟು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ.

ಮೊದಲು, ದುಡ್ಡು ಯಾಕೆ ಕೇಳುತ್ತಾರೆ ಅಂತ ತಿಳಿದುಕೊಳ್ಳಿ

ಇದು ಗೊತ್ತಾಗದೆ ಇದ್ದರೆ ಪ್ರತಿ ಇಮೇಲ್ ನೋಡಿದಾಗಲೂ ಸಿಟ್ಟು ಬರುತ್ತದೆ. 1884ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ್ದ ಅಮೆರಿಕದ ಬಿಷಪ್‌ಗಳು, ಪ್ರತಿ ಚರ್ಚಿನ ಪಕ್ಕ ಒಂದು ಶಾಲೆ ಇರಬೇಕು ಅಂತ ತೀರ್ಮಾನ ಮಾಡಿದರು. ಆ ಶಾಲೆಗಳು ನಡೆದದ್ದು ಸಿಸ್ಟರ್‌ಗಳ, ಅಂದರೆ ಸನ್ಯಾಸಿನಿಯರ, ದುಡಿಮೆಯಿಂದ. ಅವರಿಗೆ ಸಂಬಳ ಅಂತ ಸಿಗುತ್ತಿದ್ದದ್ದು ತೀರಾ ಕಡಿಮೆ. 1960ರ ದಶಕದ ನಡುವೆ ಇಂಥ ಶಾಲೆಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಆಮೇಲೆ ಸಿಸ್ಟರ್ ಆಗುವವರು ಕಡಿಮೆಯಾದರು. ಈಗ ಪಾಠ ಮಾಡುವವರು ಬಹುತೇಕ ಎಲ್ಲರೂ ನಮ್ಮ ನಿಮ್ಮ ಹಾಗೆ ಸಂಸಾರಸ್ಥರು. ಅವರಿಗೆ ಸಂಬಳ ಬೇಕು, ಹೆಲ್ತ್ ಇನ್ಶೂರೆನ್ಸ್ ಬೇಕು. ಸರ್ಕಾರಿ ಶಾಲೆಗೆ ಬರುವ ಪ್ರಾಪರ್ಟಿ ಟ್ಯಾಕ್ಸ್ ದುಡ್ಡು ಇವರಿಗೆ ಬರುವುದಿಲ್ಲ.

ಹೀಗಾಗಿ ಬಹಳಷ್ಟು ಶಾಲೆಗಳಲ್ಲಿ ಒಂದು ಮಗುವಿನ ಮೇಲೆ ಆಗುವ ಪೂರ್ತಿ ಖರ್ಚು ಫೀಸಿನಿಂದ ಹುಟ್ಟುವುದಿಲ್ಲ. ಆ ಅಂತರ ತುಂಬುವುದು ದೇಣಿಗೆ. ಫೀಸು ಕಟ್ಟಲಾಗದ ಮಕ್ಕಳಿಗೆ ಕೊಡುವ ರಿಯಾಯಿತಿಯೂ ಅಲ್ಲಿಂದಲೇ ಬರಬೇಕು. ಇದಕ್ಕೆ ಬೇರೆ ದಾರಿ ಹುಡುಕಿದವರೂ ಇದ್ದಾರೆ. ನ್ಯೂಯಾರ್ಕಿನ ರೀಜಿಸ್ ಹೈಸ್ಕೂಲ್ 1914ರಿಂದಲೂ ಹುಡುಗರಿಂದ ಫೀಸು ತಗೊಳ್ಳುವುದಿಲ್ಲ, ಈಗ ಹಳೆಯ ವಿದ್ಯಾರ್ಥಿಗಳು ಕೊಡುವ ದುಡ್ಡೇ ಅದರ ದೊಡ್ಡ ಆಧಾರ. 1996ರಲ್ಲಿ ಶಿಕಾಗೊದಲ್ಲಿ ಶುರುವಾದ ಕ್ರಿಸ್ಟೊ ರೇ ಶಾಲೆಯಲ್ಲಿ ಮಕ್ಕಳು ತಿಂಗಳಲ್ಲಿ ಕೆಲವು ದಿನ ಕಂಪನಿಗಳಲ್ಲಿ ಕೆಲಸ ಮಾಡಿ ತಮ್ಮ ಓದಿನ ಖರ್ಚಿನ ಒಂದು ಪಾಲನ್ನು ತಾವೇ ದುಡಿಯುತ್ತಾರೆ. ಆ ಮಾದರಿ ಈಗ ಬೇರೆ ಬೇರೆ ಊರುಗಳಿಗೂ ಹೋಗಿದೆ. ಉಳಿದ ಶಾಲೆಗಳಿಗೆ ಗಾಲಾ, ಹರಾಜು, ರ‍್ಯಾಫಲ್‌ಗಳೇ ದಾರಿ.

ನಿಮ್ಮ ಶಾಲೆಯಲ್ಲಿ ಈ ಅಂತರ ಎಷ್ಟು, ಈ ವರ್ಷದ ದುಡ್ಡು ಯಾವುದಕ್ಕೆ ಹೋಗುತ್ತದೆ ಅಂತ ದೇಣಿಗೆ ನೋಡಿಕೊಳ್ಳುವ ಅಡ್ವಾನ್ಸ್‌ಮೆಂಟ್ ಆಫೀಸಿಗೆ ಒಂದು ಇಮೇಲ್ ಹಾಕಿ ಕೇಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಉತ್ತರ ನೋಡಿದ ಮೇಲೆ ಎಷ್ಟು ಕೊಡಬೇಕು ಅನ್ನುವುದು ನಿಮಗೇ ತಿಳಿಯುತ್ತದೆ.

ಕ್ಯಾಲೆಂಡರ್ ಮೇಲೆ ಈಸ್ಟರನ್ನು ಮೊದಲು ಗುರುತು ಹಾಕಿ

ಈ ಶಾಲೆಗಳ ವಸಂತವೆಲ್ಲ ಈಸ್ಟರ್ ಸುತ್ತ ತಿರುಗುತ್ತದೆ. ಈಸ್ಟರಿಗೆ ಮುಂಚಿನ ಆರೂವರೆ ವಾರ ಲೆಂಟ್, ಅಂದರೆ ಉಪವಾಸದ ಕಾಲ. ಆ ದಿನಗಳಲ್ಲಿ ದೊಡ್ಡ ಪಾರ್ಟಿ ಇಟ್ಟುಕೊಳ್ಳುವುದಕ್ಕೆ ಹಿಂದೆಮುಂದೆ ನೋಡುತ್ತಾರೆ. 2026ರಲ್ಲಿ ಲೆಂಟ್ ಶುರುವಾದದ್ದು ಫೆಬ್ರವರಿ 18ಕ್ಕೆ, ಈಸ್ಟರ್ ಏಪ್ರಿಲ್ 5ಕ್ಕೆ. 2027ರಲ್ಲಿ ಫೆಬ್ರವರಿ 10 ಮತ್ತು ಮಾರ್ಚ್ 28. ಹಾಗಾಗಿ ಗಾಲಾ ಒಂದೋ ಫೆಬ್ರವರಿ ಮೊದಲಲ್ಲಿ, ಇಲ್ಲಾಂದ್ರೆ ಈಸ್ಟರ್ ಕಳೆದು ಏಪ್ರಿಲ್‌ನಲ್ಲಿ ಇರುವುದೇ ಜಾಸ್ತಿ. ನಮ್ಮ ಯುಗಾದಿಯೂ ಇದೇ ಗಡಿಬಿಡಿಯ ನಡುವೆ ಬರುತ್ತದೆ, ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೆಸರು ಕೊಡುವ ಮುಂಚೆ ಶಾಲೆಯ ಕ್ಯಾಲೆಂಡರ್ ಒಮ್ಮೆ ನೋಡಿಕೊಳ್ಳಿ.

ಅದರ ಮೇಲೆ ಇಷ್ಟನ್ನು ಕೂಡಿಸಿ: ಬಹಳಷ್ಟು ಕಾಲೇಜುಗಳಿಗೆ ಸೀಟು ಖಾತ್ರಿ ಮಾಡುವ ಕೊನೆಯ ದಿನ ಮೇ 1, ಎಪಿ (ಕಾಲೇಜು ಮಟ್ಟದ ವಿಷಯಗಳ) ಪರೀಕ್ಷೆಗಳು ಮೇ ತಿಂಗಳ ಮೊದಲ ಎರಡು ವಾರ, ಪ್ರಾಮ್ ಅನ್ನುವ ನೃತ್ಯಕೂಟ, ಸೀನಿಯರ್‌ಗಳ ಫೈನಲ್ಸ್, ಬ್ಯಾಕಲಾರಿಯೇಟ್ ಮಾಸ್ (ಗ್ರಾಜುಯೇಷನ್ ಮುಂಚಿನ ಪೂಜೆ), ಗ್ರಾಜುಯೇಷನ್. ಎಲ್ಲ ಒಂದೇ ಹಾಳೆಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದರೆ ಅರ್ಧ ತಲೆನೋವು ಹೋಗುತ್ತದೆ.

ಸ್ವಯಂಸೇವೆ ಮಾಡುವ ಮನಸ್ಸಿದ್ದರೆ ತರಬೇತಿ ಈಗಲೇ ಮುಗಿಸಿ

ಗಾಲಾ ದಿನ ಮೇಜು ಜೋಡಿಸುವುದಕ್ಕೆ ಹೋಗುವುದು ಬೇರೆ, ಮಕ್ಕಳ ಜೊತೆ ಇರುವ ಕೆಲಸ ಬೇರೆ. ಮಕ್ಕಳು ಇರುವ ಕಡೆ ಸಹಾಯ ಮಾಡಬೇಕಂದರೆ ಬ್ಯಾಕ್‌ಗ್ರೌಂಡ್ ಚೆಕ್ ಆಗಿರಬೇಕು, ಮಕ್ಕಳ ಸುರಕ್ಷತೆಯ ತರಬೇತಿಯೂ ಆಗಿರಬೇಕು. ಚರ್ಚಿನೊಳಗೆ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳು ಹೊರಬಿದ್ದ ಮೇಲೆ, 2002ರ ಜೂನ್‌ನಲ್ಲಿ ಅಮೆರಿಕದ ಬಿಷಪ್‌ಗಳು ಡಲ್ಲಾಸ್‌ನಲ್ಲಿ ಸೇರಿ ಮಾಡಿಕೊಂಡ ನಿಯಮಗಳಿಂದ ಬಂದದ್ದು ಇದು. ಬಹಳ ಕಡೆ ಈ ತರಬೇತಿಗೆ ವರ್ಟಸ್ ಅನ್ನುವ ಕಾರ್ಯಕ್ರಮ ಬಳಸುತ್ತಾರೆ. ಕೆಲವು ಗಂಟೆಗಳ ಕೆಲಸ ಅಷ್ಟೆ, ಆದರೆ ಚೆಕ್ ಮುಗಿದು ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಏಪ್ರಿಲ್‌ನಲ್ಲಿ ನೆನಪಾದರೆ ತಡವಾಯಿತು ಅಂತಲೇ ಲೆಕ್ಕ. ಇದನ್ನು ಅವಮಾನ ಅಂದುಕೊಳ್ಳಬೇಡಿ. ಎಲ್ಲರಿಗೂ ಇದೆ, ಇರಲೇಬೇಕು.

ದೇಣಿಗೆಗೆ ಒಂದು ಮೊತ್ತ ಮೊದಲೇ ಗೊತ್ತುಮಾಡಿಕೊಳ್ಳಿ

ಗಂಡ ಹೆಂಡತಿ ಕೂತು ವರ್ಷಕ್ಕೆ ಇಷ್ಟು ಅಂತ ಮಾತಾಡಿಕೊಳ್ಳಿ. 50 ಡಾಲರ್ ಆದರೆ 50, 500 ಆದರೆ 500. ಆಮೇಲೆ ಯಾವ ಇಮೇಲ್ ಬಂದರೂ ಆ ಮೊತ್ತದೊಳಗೇ ಹಂಚಿ. ಗಾಲಾದ ದೀಪದ ಬೆಳಕಲ್ಲಿ, ನಾಲ್ಕು ಜನರ ಮುಂದೆ ತೀರ್ಮಾನ ಮಾಡುವುದಕ್ಕೆ ಹೋದರೆ ಕೈ ಮೀರುತ್ತದೆ.

ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಶಾಲೆಗೆ ನಿಮ್ಮ ಮೊತ್ತದಷ್ಟೇ ಮುಖ್ಯ, ಶೇಕಡಾ ಎಷ್ಟು ಮನೆಗಳು ಕೊಟ್ಟವು ಅನ್ನುವ ಲೆಕ್ಕ. ದೊಡ್ಡ ದಾನಿಗಳ ಹತ್ತಿರ, ಫೌಂಡೇಷನ್‌ಗಳ ಹತ್ತಿರ ಹೋದಾಗ ಅವರು ಮೊದಲು ಕೇಳುವುದೇ "ನಿಮ್ಮ ಪೋಷಕರೇ ಎಷ್ಟು ಜನ ಕೊಟ್ಟಿದ್ದಾರೆ?" ಅಂತ. ನೀವು ಕೊಡುವ 25 ಡಾಲರ್ ಆ ಲೆಕ್ಕದಲ್ಲಿ ಪೂರ್ತಿ ಒಂದು ಮನೆ. ಸಣ್ಣ ಮೊತ್ತ ಅಂತ ಸಂಕೋಚಪಟ್ಟು ಸುಮ್ನೆ ಇರಬೇಡಿ. ಶಾಲೆ ಒಂದೇ ದಿನ ದೇಣಿಗೆ ಕೂಡಿಸುವ ಗಿವಿಂಗ್ ಡೇ ದಿನ ಕೊಟ್ಟರೆ ಇನ್ನೂ ಒಳ್ಳೆಯದು, ಯಾಕೆಂದರೆ ಆ ದಿನ ಇಷ್ಟು ಮನೆ ಸೇರಿದರೆ ಇಷ್ಟು ಕೊಡುತ್ತೇನೆ ಅಂತ ಯಾರಾದರೂ ದೊಡ್ಡ ದಾನಿ ಒಪ್ಪಿಕೊಂಡಿರುತ್ತಾರೆ.

ನಮ್ಮವರಲ್ಲಿ ಐಟಿ ಕಂಪನಿಗಳಲ್ಲಿ ಇರುವವರು ಬಹಳ. ಗೂಗಲ್, ಮೈಕ್ರೋಸಾಫ್ಟ್, ಆಪಲ್ ಥರದ ಕಂಪನಿಗಳು ನೌಕರರು ಕೊಟ್ಟ ದೇಣಿಗೆಗೆ ಸಮನಾದ ಮೊತ್ತವನ್ನು ತಾವೂ ಒಂದು ಮಿತಿಯವರೆಗೆ ಕೊಡುತ್ತವೆ. ನಿಮ್ಮ ಕಂಪನಿಯ ಒಳಗಿನ ಸೈಟಿನಲ್ಲಿ, ಬೆನೆವಿಟಿ ಅನ್ನುವ ದೇಣಿಗೆಯ ಸೈಟು ಇದ್ದರೆ ಅದರಲ್ಲಿ, ಶಾಲೆಯ ಹೆಸರು ಹುಡುಕಿ. ಚರ್ಚಿನ ಹೆಸರಲ್ಲಿ ಹುಡುಕಿದರೆ "ಧಾರ್ಮಿಕ ಸಂಸ್ಥೆ" ಅಂತ ತಳ್ಳಿಹಾಕಬಹುದು, ಶಾಲೆಯ ಹೆಸರಲ್ಲಿ ಒಪ್ಪಬಹುದು. ಸಿಗಲಿಲ್ಲ ಅಂದರೆ ಶಾಲೆಯ ತೆರಿಗೆ ಗುರುತಿನ ಸಂಖ್ಯೆ ಇಸಿದುಕೊಂಡು ಮತ್ತೆ ಹುಡುಕಿ. ಕೆಲವು ಕಂಪನಿಗಳು ನೀವು ಸ್ವಯಂಸೇವೆ ಮಾಡಿದ ಗಂಟೆಗೂ ದುಡ್ಡು ಕೊಡುತ್ತವೆ. ಕೇಳಿದರೆ ಸಿಗುವ ದುಡ್ಡು ಇದು, ಕೇಳದೆ ಬಿಟ್ಟರೆ ಶಾಲೆಗೆ ನಷ್ಟ.

ಇನ್ನು ಟ್ಯಾಕ್ಸ್. ಇಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಫೀಸು ದೇಣಿಗೆ ಅಲ್ಲ, ಅದಕ್ಕೆ ವಿನಾಯಿತಿ ಇಲ್ಲ. ರ‍್ಯಾಫಲ್ ಟಿಕೆಟ್ಟಿಗೂ ಇಲ್ಲ, ಅದು ಅದೃಷ್ಟಕ್ಕೆ ಕೊಟ್ಟ ದುಡ್ಡು. ಬಹುಮಾನ ಹೊಡೆದರೆ ಅದು ನಿಮ್ಮ ಆದಾಯ ಅಂತ ಲೆಕ್ಕ, ಟ್ಯಾಕ್ಸ್ ಕಟ್ಟಬೇಕು. ಗಾಲಾ ಟಿಕೆಟ್ 200 ಡಾಲರ್, ಊಟದ ಬೆಲೆ 80 ಅಂತ ಶಾಲೆ ಹೇಳಿದರೆ, ದೇಣಿಗೆ ಅನ್ನಿಸಿಕೊಳ್ಳುವುದು 120 ಮಾತ್ರ. ಇಂಥ ಪಾವತಿ 75 ಡಾಲರ್ ದಾಟಿದರೆ ಆ ಲೆಕ್ಕವನ್ನು ಶಾಲೆಯೇ ಬರೆದು ಕೊಡಬೇಕು. ಹರಾಜಿನಲ್ಲೂ ಇದೇ ಲೆಕ್ಕ: ವಸ್ತುವಿನ ಮಾರುಕಟ್ಟೆ ಬೆಲೆಗಿಂತ ಎಷ್ಟು ಜಾಸ್ತಿ ಕೊಟ್ಟಿರೋ ಅಷ್ಟೇ ದೇಣಿಗೆ. ಒಂದೇ ಸಲಕ್ಕೆ 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೆ ಶಾಲೆಯ ರಸೀತಿ ಪತ್ರ ಬೇಕೇ ಬೇಕು, ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ ಸಾಲದು. ನೀವು ಕೊಟ್ಟ ಸಮಯಕ್ಕೆ ಬೆಲೆ ಕಟ್ಟಿ ವಿನಾಯಿತಿ ಕೇಳುವಂತಿಲ್ಲ, ಆದರೆ ಸಾಮಾನು ತಂದ ಖರ್ಚು, ಸೇವೆಗೆಂದು ಕಾರು ಓಡಿಸಿದ ಪ್ರತಿ ಮೈಲಿಗೆ 14 ಸೆಂಟ್ ಲೆಕ್ಕ ಹಾಕಬಹುದು. ಇವೆಲ್ಲ ಐಟಮೈಸ್ ಮಾಡುವವರಿಗೆ, ಅಂದರೆ ಖರ್ಚನ್ನು ಒಂದೊಂದಾಗಿ ಪಟ್ಟಿ ಮಾಡಿ ವಿನಾಯಿತಿ ಕೇಳುವವರಿಗೆ, ಇದ್ದ ಮಾತು. 2026ರ ತೆರಿಗೆ ವರ್ಷದಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ (ಪಟ್ಟಿ ಇಲ್ಲದೆ ಸಿಗುವ ನಿಗದಿತ ವಿನಾಯಿತಿ) ತಗೊಳ್ಳುವವರಿಗೂ ನಗದು ದೇಣಿಗೆಗೆ ಒಬ್ಬರಿಗೆ 1,000, ಜಂಟಿಯಾಗಿ ಫೈಲ್ ಮಾಡುವವರಿಗೆ 2,000 ಡಾಲರ್‌ವರೆಗೆ ವಿನಾಯಿತಿ ಬಂದಿದೆ. ಅಂದರೆ ಸಣ್ಣ ರಸೀತಿಯನ್ನೂ ಈಗ ಎಸೆಯಬಾರದು.

ಹರಾಜಿಗೆ ನಮ್ಮ ಮನೆಯಿಂದ ಏನು ಕೊಡಬಹುದು

ನಮ್ಮವರು ನಿಜವಾಗಿ ಮಿಂಚಬಹುದಾದ ಜಾಗ ಇದು. ಸೈಲೆಂಟ್ ಆಕ್ಷನ್ (ಕೂಗದೆ, ಹೆಸರು ಬೆಲೆ ಬರೆದು ನಡೆಸುವ ಹರಾಜು) ಮೇಜಿನ ಮೇಲೆ ಕಾಫಿ ಶಾಪಿನ ಗಿಫ್ಟ್ ಕಾರ್ಡ್, ವೈನ್ ಬುಟ್ಟಿ, ಸ್ಪಾ ಕೂಪನ್ ರಾಶಿ ಬಿದ್ದಿರುತ್ತವೆ. ಬೇರೆ ಎಲ್ಲೂ ಸಿಗದ್ದು ಇಟ್ಟರೆ ಜನ ನಿಂತು ನೋಡುತ್ತಾರೆ.

ನಾವು ಕೊಟ್ಟದ್ದು "ಎಂಟು ಜನರಿಗೆ ಬಾಳೆ ಎಲೆ ಊಟ, ನಮ್ಮ ಮನೆಯಲ್ಲಿ". ಇನ್ನೊಬ್ಬ ಕನ್ನಡದ ಮನೆಯವರು ಜೊತೆ ಸೇರಿದರು. ಮೇಜಿನ ಮೇಲೆ ಊಟ ಇಡುವುದಕ್ಕೆ ಆಗುವುದಿಲ್ಲವಲ್ಲ, ಅದಕ್ಕೆ ಒಂದು ಹಿತ್ತಾಳೆ ತಟ್ಟೆಯಲ್ಲಿ ಬಾಳೆ ಎಲೆ ಹಾಸಿ, ಊಟದ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ನಿಲ್ಲಿಸಿದೆವು: ಕೋಸಂಬರಿ, ಪಲ್ಯ, ಚಿತ್ರಾನ್ನ, ಹುಳಿ, ಸಾರು, ಹಪ್ಪಳ, ಹೋಳಿಗೆ, ಮಜ್ಜಿಗೆ. ಪ್ರತಿಯೊಂದರ ಮುಂದೆ ಅದು ಏನು ಅಂತ ನಾಲ್ಕು ಪದ. ಕೆಳಗೆ ಮುಖ್ಯವಾದ ವಿಷಯ: ಊಟ ಯಾವ ತಿಂಗಳಿಂದ ಯಾವ ತಿಂಗಳೊಳಗೆ, ಪೂರ್ತಿ ಸಸ್ಯಾಹಾರ, ಕಡಲೆಕಾಯಿ ಗೋಡಂಬಿ ಬಳಸುತ್ತೇವೆ, ಖಾರ ಬೇಕಾದ ಹಾಗೆ. ಅಲರ್ಜಿಯ ಮಾತು ಇಲ್ಲಿ ಬಿಡಲೇಬಾರದು. ಕೊನೆಗೆ ಅದು ಹೋದದ್ದು ಫುಟ್‌ಬಾಲ್ ತಂಡದ ಹುಡುಗರ ಮನೆಯವರಿಗೆ. ಊಟ ಮುಗಿದ ಮೇಲೂ ಎಲೆ ಹೇಗೆ ಮಡಿಸಬೇಕು ಅಂತ ಕೇಳಿಕೊಂಡು ಕೂತಿದ್ದರು.

ಅಡುಗೆ ಬೇಡ ಅಂದರೆ ಚನ್ನಪಟ್ಟಣದ ಮರದ ಗೊಂಬೆ, ಮೈಸೂರು ರೇಷ್ಮೆಯ ಶಾಲು, ಚಿಕ್ಕಮಗಳೂರಿನ ಕಾಫಿಪುಡಿ ಜೊತೆಗೆ ಒಂದು ಫಿಲ್ಟರ್ ಮತ್ತು ಅದನ್ನು ಬಳಸುವ ವಿಧಾನ ಬರೆದ ಕಾರ್ಡ್. ಊರಿಂದ ಯಾರಾದರೂ ಬರುವವರಿದ್ದರೆ ಡಿಸೆಂಬರ್‌ನಲ್ಲೇ ತರಿಸಿಕೊಳ್ಳಿ. ಭರತನಾಟ್ಯ, ವೀಣೆ, ಯೋಗ ಹೇಳಿಕೊಡುವವರಿದ್ದರೆ ನಾಲ್ಕು ಪಾಠಗಳ ಕೂಪನ್ ಕೊಡಬಹುದು. ವಸ್ತು ಕೊಡುವಾಗ ಮಾರುಕಟ್ಟೆ ಬೆಲೆ ಪ್ರಾಮಾಣಿಕವಾಗಿ ಬರೆಯಿರಿ, ಹರಾಜಿನ ಆರಂಭದ ಬೆಲೆ ಅದರ ಅರ್ಧಕ್ಕಿಂತ ಜಾಸ್ತಿ ಇಡಬೇಡಿ. ಆರಂಭವೇ ದುಬಾರಿ ಆದರೆ ಮೊದಲ ಹೆಸರು ಬೀಳುವುದೇ ಇಲ್ಲ.

ರ‍್ಯಾಫಲ್ ಬಗ್ಗೆ ಜಾಸ್ತಿ ಹೇಳುವುದಕ್ಕೇನೂ ಇಲ್ಲ. ಮಗುವಿಗೆ ಇಷ್ಟು ಟಿಕೆಟ್ ಮಾರು ಅಂತ ಕೊಟ್ಟಿರುತ್ತಾರೆ, ಮಾರಲಾಗದಿದ್ದರೆ ವಾಪಸ್ ಕೊಡಬಹುದೇ ಅಂತ ಮೊದಲೇ ಕೇಳಿಕೊಳ್ಳಿ. ಕಾನೂನು ರಾಜ್ಯಕ್ಕೊಂದು ಥರ ಇದೆ, ಬೇರೆ ರಾಜ್ಯದಲ್ಲಿರುವ ನೆಂಟರಿಗೆ ಮಾರುವ ಮುಂಚೆ ಶಾಲೆಯನ್ನು ಕೇಳುವುದು ಒಳ್ಳೆಯದು.

ಗಾಲಾ ದಿನ

ಒಂಟಿಯಾಗಿ ಟಿಕೆಟ್ ತಗೊಂಡರೆ ಗುರುತಿಲ್ಲದ ಮೇಜಿಗೆ ಹೋಗುತ್ತೀರಿ. ಮಗುವಿನ ಸ್ನೇಹಿತರ ಅಪ್ಪ ಅಮ್ಮಂದಿರನ್ನು ಸೇರಿಸಿ ಒಂದು ಮೇಜು ಮಾಡಿಕೊಳ್ಳಿ, ಅದು ಎಂಟೋ ಹತ್ತೋ ಜನರದ್ದು ಇರುತ್ತದೆ. ಟಿಕೆಟ್ ಖರ್ಚು ಭಾರ ಅನಿಸಿದರೆ ಅಂದು ಸ್ವಯಂಸೇವಕರಾಗಿ ಹೋಗಿ. ಹರಾಜಿನ ದುಡ್ಡು ಕಟ್ಟಿಸಿಕೊಳ್ಳುವ ಚೆಕ್‌ಔಟ್ ಮೇಜಿನಲ್ಲಿ ಕೂತರೆ ಇಡೀ ಶಾಲೆಯ ಪರಿಚಯ ಒಂದೇ ಸಂಜೆಯಲ್ಲಿ ಆಗುತ್ತದೆ, ನನ್ನ ಪ್ರಕಾರ ಅದೇ ಒಳ್ಳೆಯ ಜಾಗ.

ಸಸ್ಯಾಹಾರಿಗಳು ಆರ್‌ಎಸ್‌ವಿಪಿ ಮಾಡುವಾಗಲೇ ಬರೆಯಬೇಕು. ಅಲ್ಲೂ ಒಂದು ಎಚ್ಚರ. ಲೆಂಟ್ ಶುಕ್ರವಾರಗಳಲ್ಲಿ ಕ್ಯಾಥೊಲಿಕರು ಮಾಂಸ ತಿನ್ನುವುದಿಲ್ಲ, ಆದರೆ ಮೀನು ತಿನ್ನಬಹುದು. ಹಾಗಾಗಿ ಶಾಲೆಯ ಆಮಂತ್ರಣದಲ್ಲಿ "ಮೀಟ್‌ಲೆಸ್" ಅಂತ ಇದ್ದರೆ ಅದರಲ್ಲಿ ಮೀನು ಸಿಗಡಿ ಇರಬಹುದು. "ಮೀನೂ ಬೇಡ, ಮೊಟ್ಟೆಯೂ ಬೇಡ" ಅಂತ ಬಿಡಿಸಿ ಬರೆಯಿರಿ. ಇದೇ ಲೆಂಟ್ ಶುಕ್ರವಾರ ಸಂಜೆ ಚರ್ಚಿನ ಹಾಲ್‌ನಲ್ಲಿ ಫಿಶ್ ಫ್ರೈ ನಡೆಯುತ್ತದೆ, ಎಷ್ಟೋ ಶಾಲೆಗಳಿಗೆ ಅದೂ ದುಡ್ಡು ಕೂಡಿಸುವ ದಾರಿ. ಚೀಸ್ ಪಿಜ್ಜಾ, ಮ್ಯಾಕ್ ಅಂಡ್ ಚೀಸ್ ಸಿಗುತ್ತದೆ. ಫ್ರೆಂಚ್ ಫ್ರೈಸ್ ಮಾತ್ರ ಮೀನು ಕರಿದ ಎಣ್ಣೆಯಲ್ಲೇ ಬಂದಿರಬಹುದು, ಕೇಳಿ.

ಊಟದ ಮಧ್ಯೆ ಒಂದು ಹೊತ್ತು ಬರುತ್ತದೆ, ಅದಕ್ಕೆ ತಯಾರಾಗಿರಿ. ಅದನ್ನು ಪ್ಯಾಡಲ್ ರೇಸ್ (ಹಲಗೆ ಎತ್ತುವುದು) ಅಂತಲೋ ಫಂಡ್ ಎ ನೀಡ್ ಅಂತಲೋ ಕರೆಯುತ್ತಾರೆ. ಮೊದಲು ಒಬ್ಬ ವಿದ್ಯಾರ್ಥಿ ಎದ್ದು ಮಾತಾಡುತ್ತಾಳೆ, ಈ ಶಾಲೆಯ ಸಹಾಯ ಇಲ್ಲದಿದ್ದರೆ ನಾನಿಲ್ಲಿ ಇರುತ್ತಿರಲಿಲ್ಲ ಅಂತ. ಹಾಲ್ ಪೂರ್ತಿ ಸುಮ್ಮನಾಗುತ್ತದೆ. ಆಮೇಲೆ ಹರಾಜು ಕೂಗುವವರು ಮೇಲಿನಿಂದ ಶುರು ಮಾಡುತ್ತಾರೆ: 10,000 ಡಾಲರ್ ಯಾರು? 5,000? 2,500? ಸಂಖ್ಯೆ ಇರುವ ಹಲಗೆಗಳು ಅಲ್ಲೊಂದು ಇಲ್ಲೊಂದು ಏಳುತ್ತವೆ, ಸಹಾಯಕರು ಓಡಾಡಿ ಸಂಖ್ಯೆ ಬರೆದುಕೊಳ್ಳುತ್ತಾರೆ. ಮೇಲಿನ ಮೊತ್ತಗಳಿಗೆ ಕೈ ಎತ್ತದೆ ಕೂತಿರುವುದು ಮುಜುಗರ ಅನಿಸಬಹುದು, ಆದರೆ ಹಾಲ್‌ನಲ್ಲಿ ಬಹುಪಾಲು ಜನ ಹಾಗೇ ಕೂತಿರುತ್ತಾರೆ. ಇಳಿಯುತ್ತಾ ಇಳಿಯುತ್ತಾ 250ಕ್ಕೋ 100ಕ್ಕೋ ಬರುತ್ತದೆ. ಮನೆಯಲ್ಲಿ ಗೊತ್ತುಮಾಡಿಕೊಂಡ ಮೊತ್ತ ಬಂದಾಗ ಧೈರ್ಯವಾಗಿ ಎತ್ತಿ, ಅದು ಆ ಹುಡುಗಿಯಂಥವರ ಫೀಸಿಗೇ ಹೋಗುತ್ತದೆ. ಅಕಸ್ಮಾತ್ ಬೇರೆ ಮೊತ್ತಕ್ಕೆ ಹಲಗೆ ಎತ್ತಿಬಿಟ್ಟರೆ, ಆಗಲೇ ಸಹಾಯಕರಿಗೆ ಹೇಳಿ, ಸರಿ ಮಾಡುತ್ತಾರೆ.

ಸೀನಿಯರ್ ಪೋಷಕರಿಗೆ ಇನ್ನೊಂದು ಮಾತು. ಕೆಲವು ಶಾಲೆಗಳು ಗ್ರಾಜುಯೇಷನ್ ದಿನದ ಮೊದಲ ಸಾಲಿನ ಸೀಟು, ಪಾರ್ಕಿಂಗ್ ಜಾಗ ಇವನ್ನೂ ಹರಾಜಿಗೆ ಇಡುತ್ತವೆ. ಅಜ್ಜಿ ತಾತ ಬರುತ್ತಿದ್ದಾರೆ, ಅವರಿಗೆ ನಡೆಯುವುದು ಕಷ್ಟ ಅಂದರೆ ಇದಕ್ಕಾಗಿ ಹರಾಜಿಗೆ ಇಳಿಯಬೇಕಿಲ್ಲ. ವೀಲ್‌ಚೇರ್ ಮತ್ತು ಹತ್ತಿರದ ಸೀಟನ್ನು ಆಫೀಸಿಗೆ ಹೇಳಿದರೆ ಸುಮ್ನೆ ಕೊಡುತ್ತಾರೆ.

ಗ್ರಾಜುಯೇಷನ್ ಕೆಲಸ: ಮೊದಲು ಹೆಸರು

ಡಿಪ್ಲೊಮಾದಲ್ಲಿ ಅಚ್ಚಾಗುವ ಹೆಸರಿನ ಫಾರ್ಮ್ ಚಳಿಗಾಲದಲ್ಲೇ ಬಂದುಹೋಗುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ನಮ್ಮಲ್ಲಿ ಇನಿಷಿಯಲ್ಲು, ಅಪ್ಪನ ಹೆಸರು, ಊರ ಹೆಸರು ಎಲ್ಲ ಸೇರಿ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇರುತ್ತದೆ, ಅಲ್ವಾ? ಈಗ ಸರಿ ಮಾಡದಿದ್ದರೆ ಕಾಲೇಜಿನಲ್ಲಿ ಮತ್ತೆ ಅದೇ ಗೋಳು.

ವೇದಿಕೆಯ ಮೇಲೆ ಕೂಗುವ ಹೆಸರು ಇನ್ನೊಂದು. ಹೇಗೆ ಹೇಳಬೇಕು ಅಂತ ಬಿಡಿಸಿ ಬರೆಯುವ ಕಾರ್ಡ್ ಕೊಡುತ್ತಾರೆ. ಮಗಳ ಹೆಸರು ಪ್ರಜ್ಞಾ ಅಂತಿಟ್ಟುಕೊಳ್ಳಿ. ಇಂಗ್ಲಿಷ್ ಕಾಗುಣಿತ ನೋಡಿ ಅವರು ಓದುವುದು "ಪ್ರಜ್-ನಾ". ಕಾರ್ಡಿನಲ್ಲಿ "ಪ್ರಗ್-ನ್ಯಾ" ಅನ್ನುವ ಹಾಗೆ ತುಂಡು ಮಾಡಿ ಬರೆದು, ಒತ್ತು ಎಲ್ಲಿ ಅಂತ ಗೆರೆ ಎಳೆದು, ಹತ್ತು ಸೆಕೆಂಡಿನ ಧ್ವನಿಮುದ್ರಣ ಮಾಡಿ ಹೆಸರು ಓದುವವರಿಗೆ ಕಳಿಸಿ. "ಪರವಾಗಿಲ್ಲ, ಹೇಗೆ ಕರೆದರೂ ಸರಿ" ಅಂತ ಮಕ್ಕಳು ಹೇಳುತ್ತಾರೆ. ಅವರು ಹೇಳಲಿ ಬಿಡಿ, ನೀವು ಕಳಿಸಿ. ನಾಲ್ಕು ವರ್ಷ ಓದಿದ ಶಾಲೆಯಲ್ಲಿ ಕೊನೆಯ ದಿನ ಆ ಹೆಸರು ಸರಿಯಾಗಿ ಕೇಳಿಸಬೇಕು.

ಇದರ ಜೊತೆ ಮೂರು ಬಾಕಿ ನೋಡಿ. ಮಗುವಿನ ಸಮಾಜಸೇವೆಯ ಗಂಟೆಗಳು ಪೂರ್ತಿಯಾಗಿವೆಯೇ? ಬಹಳಷ್ಟು ಕ್ಯಾಥೊಲಿಕ್ ಶಾಲೆಗಳಲ್ಲಿ ಇವು ತುಂಬದೆ ಡಿಪ್ಲೊಮಾ ಇಲ್ಲ. ಥಿಯಾಲಜಿ (ಧರ್ಮದ ಪಾಠ) ಕ್ರೆಡಿಟ್ ಸರಿಯಿದೆಯೇ? ಅದು ಹಿಂದೂ, ಮುಸ್ಲಿಂ, ಜೈನ ಎನ್ನದೆ ಎಲ್ಲ ಮಕ್ಕಳಿಗೂ ಕಡ್ಡಾಯ ಇರುವುದೇ ಹೆಚ್ಚು. ಫೀಸು, ಲೈಬ್ರರಿ ಪುಸ್ತಕ, ಲ್ಯಾಪ್‌ಟಾಪ್, ಕ್ರೀಡಾ ಉಡುಪು ಏನಾದರೂ ಬಾಕಿ ಇದೆಯೇ? ಇದ್ದರೆ ವೇದಿಕೆಯ ಮೇಲೆ ಖಾಲಿ ಫೋಲ್ಡರ್ ಕೈಗೆ ಬರಬಹುದು.

ಅಜ್ಜಿ ತಾತ, ಟಿಕೆಟ್, ವೀಸಾ

ಒಂದು ಮನೆಗೆ ಇಷ್ಟೇ ಟಿಕೆಟ್ ಅಂತ ಮಿತಿ ಇರುವುದು ಸಾಮಾನ್ಯ. ಜಾಸ್ತಿ ಬೇಕಿದ್ದರೆ ಕಡಿಮೆ ಸಾಕು ಅನ್ನುವ ಮನೆಗಳ ಹತ್ತಿರ ಈಗಲೇ ಕೇಳಿಡಿ. ಊರಿಂದ ಹಿರಿಯರನ್ನು ಕರೆಸುವ ಆಸೆ ಇದ್ದರೆ, ವೀಸಾ ಇಲ್ಲದವರಿಗೆ ಹಿಂದಿನ ವರ್ಷವೇ ಅರ್ಜಿ ಹಾಕಿಸಿ. ಸಂದರ್ಶನದ ದಿನಾಂಕ ಸಿಗುವುದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಗ್ರಾಜುಯೇಷನ್ ದಿನಾಂಕ ಇರುವ ಶಾಲೆಯ ಪತ್ರ ಕೈಯಲ್ಲಿದ್ದರೆ ಯಾಕೆ ಹೋಗುತ್ತಿದ್ದೀರಿ ಅನ್ನುವ ಪ್ರಶ್ನೆಗೆ ಉತ್ತರ ಸುಲಭ. ಟೆಕ್ಸಸ್‌ನ ಮೇ ತಿಂಗಳ ಬಿಸಿಲು ಕಲಬುರಗಿಯವರಿಗೇನೂ ಅನಿಸದು, ಆದರೆ ಸಮಾರಂಭ ಮೈದಾನದಲ್ಲಿದ್ದರೆ ಟೋಪಿ, ನೀರು ಇರಲಿ.

ಬರಲಾಗದವರಿಗೆ ಲೈವ್ ಸ್ಟ್ರೀಮ್. ಡಲ್ಲಾಸ್‌ನಲ್ಲಿ ಬೆಳಿಗ್ಗೆ 10 ಗಂಟೆ ಅಂದರೆ ಊರಲ್ಲಿ ರಾತ್ರಿ 8:30, ನ್ಯೂಯಾರ್ಕಿನ 10 ಗಂಟೆಗೆ 7:30, ಕ್ಯಾಲಿಫೋರ್ನಿಯಾದ 10 ಗಂಟೆಗೆ 10:30. ಡಲ್ಲಾಸ್‌ನಲ್ಲಿ ಸಂಜೆ 7ಕ್ಕೆ ಇದ್ದರೆ ಅಲ್ಲಿ ಮರುದಿನ ಬೆಳಗಿನ ಜಾವ 5:30. ಲಿಂಕನ್ನು ಹಿಂದಿನ ದಿನ ಕಳಿಸಿ, ಯಾವ ಹೊತ್ತಿಗೆ ಮಗುವಿನ ಹೆಸರು ಬರಬಹುದು ಅಂತ ಅಂದಾಜು ಹೇಳಿ. ಹೆಸರುಗಳು ಅಕ್ಷರದ ಕ್ರಮದಲ್ಲಿ ಬರುವುದೇ ಜಾಸ್ತಿ.

ಬ್ಯಾಕಲಾರಿಯೇಟ್ ಮಾಸ್: ಹೋಗಿ, ಹಿಂಜರಿಯಬೇಡಿ

ಗ್ರಾಜುಯೇಷನ್‌ಗೆ ಒಂದೆರಡು ದಿನ ಮುಂಚೆ ಅಥವಾ ಅದೇ ಬೆಳಿಗ್ಗೆ, ಮಕ್ಕಳೆಲ್ಲ ಗೌನ್ ಹಾಕಿಕೊಂಡು ಸೇರುವ ಪೂಜೆ ಇದು. ನಮ್ಮವರು ತಪ್ಪಿಸಿಕೊಳ್ಳುವುದು ಇದನ್ನೇ, ನನಗೆ ಅತ್ಯಂತ ಬೇಸರ ತರುವುದೂ ಇದೇ. ಅಮೆರಿಕದ ಕ್ಯಾಥೊಲಿಕ್ ಶಾಲೆಗಳಲ್ಲಿ ಸುಮಾರು ಐದರಲ್ಲಿ ಒಂದು ಮಗು ಕ್ಯಾಥೊಲಿಕ್ ಅಲ್ಲ, ಅಂದರೆ ನೀವೊಬ್ಬರೇ ಅಲ್ಲ. ಮಂಗಳೂರಿನ ಸೇಂಟ್ ಅಲೋಶಿಯಸ್ 1880ರಲ್ಲಿ ಶುರುವಾದಂದಿನಿಂದ ಎಷ್ಟು ಹಿಂದೂ ಮುಸ್ಲಿಂ ಮನೆಗಳ ಮಕ್ಕಳು ಇಂಥ ಅಂಗಳದಲ್ಲಿ ಬೆಳೆದಿಲ್ಲ!

ಒಳಗೆ ಹೋದ ಮೇಲೆ ಹೀಗೆ ಮಾಡಿ. ಚಪ್ಪಲಿ ಬಿಡಬೇಕಿಲ್ಲ. ಭುಜ ಮುಚ್ಚುವ ಬಟ್ಟೆ ಇರಲಿ, ಸೀರೆ ಚೆನ್ನಾಗಿ ಒಪ್ಪುತ್ತದೆ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂತುಕೊಳ್ಳಿ. ಅವರು ಮಂಡಿಯೂರುವಾಗ ನೀವು ಊರಬೇಕಾಗಿಲ್ಲ, ಸುಮ್ಮನೆ ಕೂತಿದ್ದರೆ ಸಾಕು. ಸ್ವಲ್ಪ ಹೊತ್ತಿಗೆ ಅಕ್ಕಪಕ್ಕದವರು ಕೈ ಚಾಚಿ "ಪೀಸ್ ಬಿ ವಿತ್ ಯೂ" ಅನ್ನುತ್ತಾರೆ. ನೀವೂ ಕೈ ಕೊಡಿ ಅಥವಾ ನಮಸ್ಕಾರ ಮಾಡಿ, ಎರಡೂ ನಡೆಯುತ್ತದೆ.

ಆಮೇಲೆ ಕಮ್ಯೂನಿಯನ್. ಜನ ಸಾಲಾಗಿ ಹೋಗಿ ಬಿಳಿಯ ಸಣ್ಣ ಬಿಲ್ಲೆ ತಗೊಂಡು ಬರುತ್ತಾರೆ. ಪ್ರಸಾದ ಅಂದುಕೊಂಡು ಕೈ ಒಡ್ಡುವುದು ನಮಗೆ ಅಭ್ಯಾಸ, ಆದರೆ ಇದನ್ನು ತಗೊಳ್ಳಬಾರದು. ಅವರ ನಂಬಿಕೆಯಲ್ಲಿ ಅದು ಏಸುವಿನ ಶರೀರವೇ, ದೀಕ್ಷೆ ಆಗಿರುವ ಕ್ಯಾಥೊಲಿಕರಿಗೆ ಮಾತ್ರ. ಊರಿಂದ ಬಂದ ಅಜ್ಜಿಗೆ ಇದನ್ನು ಕಾರಲ್ಲೇ ಹೇಳಿಡಿ. ಕೂತಲ್ಲೇ ಇರಬಹುದು, ಹಿಂದಿನವರಿಗೆ ದಾರಿ ಬಿಟ್ಟರಾಯಿತು. ಬಹಳ ಶಾಲೆಗಳಲ್ಲಿ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ಸಾಲಿನಲ್ಲಿ ಹೋದರೆ ಪಾದ್ರಿ ಆಶೀರ್ವಾದ ಮಾಡಿ ಕಳಿಸುತ್ತಾರೆ. ನಮ್ಮತ್ತೆ ಹಾಗೇ ಹೋಗಿ ಬಂದರು, ಖುಷಿಯಾಗಿದ್ದರು. ಪೂಜೆಯ ಮಧ್ಯೆ ಎದ್ದು ಓಡಾಡಿ ಫೋಟೊ ತೆಗೆಯಬೇಡಿ, ಮುಗಿದ ಮೇಲೆ ಬೇಕಾದಷ್ಟು ಹೊತ್ತು ಕೊಡುತ್ತಾರೆ.

ಆ ದಿನ

ಗೌನ್ ಪಾಲಿಯೆಸ್ಟರ್, ಪ್ಯಾಕೆಟ್ಟಿನಿಂದ ತೆಗೆದಾಗ ಪೂರ್ತಿ ಮುದುಡಿರುತ್ತದೆ. ಎರಡು ದಿನ ಮುಂಚೆಯೇ ಹ್ಯಾಂಗರಿಗೆ ಹಾಕಿ, ಬಿಸಿನೀರಿನ ಹಬೆ ತುಂಬಿದ ಬಾತ್‌ರೂಮಿನಲ್ಲಿ ತೂಗುಹಾಕಿ. ಇಸ್ತ್ರಿ ನೇರ ಇಟ್ಟರೆ ಹೊಳಪು ಹೊಡೆಯುತ್ತದೆ, ಕೆಲವೊಮ್ಮೆ ಕರಗುತ್ತದೆ. ಒಳಗೆ ಏನು ತೊಡಬೇಕು ಅಂತ ನಿಯಮ ಇರುತ್ತದೆ, ಹುಡುಗಿಯರ ಶಾಲೆಗಳಲ್ಲಿ ಬಿಳಿ ಡ್ರೆಸ್ ಅನ್ನುವುದು ಸಾಮಾನ್ಯ. ಬಿಳಿ ಸೀರೆಯೋ ಸಲ್ವಾರೋ ನಡೆಯುತ್ತದಾ ಅಂತ ಮಾರ್ಚ್‌ನಲ್ಲೇ ಡೀನ್ ಹತ್ತಿರ ಕೇಳಿ, ಮೊದಲೇ ಕೇಳಿದರೆ ಒಪ್ಪುವ ಸಂಭವ ಹೆಚ್ಚು. ಮಲ್ಲಿಗೆ ಮುಡಿಸುವುದಾದರೆ ಜಡೆ ಕತ್ತಿನ ಹತ್ತಿರ ಕೆಳಗೆ ಬರಲಿ, ಮೇಲೆ ಕಟ್ಟಿದರೆ ಟೋಪಿ ಕೂರುವುದಿಲ್ಲ. ನಾಲ್ಕೈದು ಹೇರ್‌ಪಿನ್ ಬ್ಯಾಗಿನಲ್ಲಿರಲಿ. ಟೋಪಿಯ ಕುಚ್ಚು ಮೊದಲು ಬಲಗಡೆ, ಡಿಪ್ಲೊಮಾ ಆದ ಮೇಲೆ ಎಡಗಡೆ. ಹಾರ, ಶಾಲು ಹಾಕುವ ಆಸೆ ಇದ್ದರೆ ಸಮಾರಂಭ ಮುಗಿದು ಹೊರಗೆ ಬಂದ ಮೇಲೆ.

ಆ ರಾತ್ರಿ ಮಕ್ಕಳು ಎಲ್ಲೆಲ್ಲೋ ಪಾರ್ಟಿಗೆ ಹೋಗಿ, ಕುಡಿದು ಕಾರು ಓಡಿಸಬಾರದು ಅಂತ ಪೋಷಕರೇ ಸೇರಿ ರಾತ್ರಿಯಿಡೀ ಒಂದೇ ಕಡೆ ಆಟ, ಊಟ ಇಡುವ ಪದ್ಧತಿ ಬಹಳ ಊರುಗಳಲ್ಲಿದೆ. ಇದಕ್ಕೂ ವಸಂತದಲ್ಲೇ ದುಡ್ಡು ಕೂಡಿಸುತ್ತಾರೆ. ನನ್ನನ್ನು ಕೇಳಿದರೆ, ಕೈ ಬಿಗಿಯಿದ್ದು ಒಂದಕ್ಕೆ ಮಾತ್ರ ಕೊಡಲು ಸಾಧ್ಯ ಅಂದರೆ ಇದಕ್ಕೆ ಕೊಡಿ. ರಾತ್ರಿ ಎರಡರಿಂದ ನಾಲ್ಕು ಗಂಟೆಯ ಪಾಳಿಗೆ ಜನ ಸಿಗುವುದಿಲ್ಲ, ಆ ಪಾಳಿಗೆ ಹೆಸರು ಕೊಟ್ಟರೆ ಇನ್ನೂ ದೊಡ್ಡ ಉಪಕಾರ.

ಮುಗಿದ ಮೇಲೆ

ಅಂತಿಮ ಟ್ರಾನ್‌ಸ್ಕ್ರಿಪ್ಟ್ ಕಾಲೇಜಿಗೆ ಹೋಗಿದೆಯೇ ಅಂತ ಜೂನ್‌ನಲ್ಲಿ ಮಗುವೇ ವಿಚಾರಿಸಲಿ. ಶಿಫಾರಸು ಪತ್ರ ಬರೆದ ಟೀಚರುಗಳಿಗೆ, ಕೌನ್ಸೆಲರ್‌ಗೆ ಕೈಯಲ್ಲಿ ಬರೆದ ಧನ್ಯವಾದದ ಕಾರ್ಡ್ ಹೋಗಲಿ. ಸ್ಕಾಲರ್‌ಷಿಪ್ ಸಿಕ್ಕಿದ್ದರೆ ಅದನ್ನು ಕೊಟ್ಟವರಿಗೂ ಒಂದು. ಹರಾಜಿನಲ್ಲಿ ನಿಮ್ಮ ಊಟ ಗೆದ್ದವರ ಜೊತೆ ಬೇಸಿಗೆ ಮುಗಿಯುವ ಮುಂಚೆ ದಿನ ಗೊತ್ತುಮಾಡಿ, ಮಗು ಕಾಲೇಜಿಗೆ ಹೊರಟರೆ ಆ ಗಡಿಬಿಡಿಯಲ್ಲಿ ಉಳಿದುಹೋಗುತ್ತದೆ. ಯೂನಿಫಾರ್ಮ್ ಸ್ಕರ್ಟು, ಬ್ಲೇಜರ್, ಪೋಲೊ ಅಂಗಿಗಳನ್ನು ಒಗೆದು, ಗುಂಡಿ ನೋಡಿ, ಅಳತೆಯ ಚೀಟಿ ಅಂಟಿಸಿ ಶಾಲೆಯ ಹಳೆಯ ಯೂನಿಫಾರ್ಮ್ ಮಾರಾಟಕ್ಕೆ ಕೊಡಿ. ಹೊಸ ಬ್ಲೇಜರ್ ದುಬಾರಿ, ಒಂಬತ್ತನೇ ಗ್ರೇಡಿಗೆ ಹೊಸದಾಗಿ ಸೇರುವ ಮನೆಗಳು ಜುಲೈನಲ್ಲೇ ಅದಕ್ಕಾಗಿ ಹುಡುಕುತ್ತಿರುತ್ತವೆ.